ಕಾವಲೂರಿಗೆ ಹೊರಡುವ ಮುನ್ನ

ಆಕಾಶದ ಜೊತೆ ನಮ್ಮಷ್ಟು ಲೆಕ್ಕಾಚಾರ ಇಟ್ಟುಕೊಂಡವರು ಕಡಿಮೆ. ದಿನಕ್ಕೆ ಐದು ಹೊತ್ತು ಸೂರ್ಯನ ಚಲನೆಯನ್ನು ಹಿಡಿದು ನಮಾಝ್ ಮಾಡುತ್ತೇವೆ. ಚಂದ್ರನನ್ನು ನೋಡಿ ಉಪವಾಸ ಹಿಡಿಯುತ್ತೇವೆ, ಚಂದ್ರನನ್ನು ನೋಡಿ ಬಿಡುತ್ತೇವೆ. ಪವಿತ್ರ ಕುರ್‌ಆನಿನಲ್ಲಿ ನಕ್ಷತ್ರದ ಹೆಸರಿನ ಅಧ್ಯಾಯವಿದೆ, ಚಂದ್ರನ ಹೆಸರಿನದಿದೆ, ಸೂರ್ಯನ ಹೆಸರಿನದಿದೆ, ರಾಶಿಮಂಡಲಗಳ ಹೆಸರಿನದೂ ಇದೆ. ಇಷ್ಟಿದ್ದೂ ನಾವು ತಲೆಯೆತ್ತಿ ಆಕಾಶ ನೋಡುವುದು ವರ್ಷಕ್ಕೆ ಎರಡು ಮೂರು ಸಂಜೆ ಮಾತ್ರ. ಅದೂ ಯಾರದ್ದಾದರೂ ಫೋನಿಗೆ ಸುದ್ದಿ ಬರುವ ತನಕ. ಸುದ್ದಿ ಬಂತೆಂದರೆ ಚಂದ್ರನನ್ನು ಅಲ್ಲೇ ಬಿಟ್ಟು ಮಾರ್ಕೆಟ್ಟಿಗೆ ಓಡುತ್ತೇವೆ.

ಬೆಂಗಳೂರಿನ ನಮ್ಮ ಮೊಹಲ್ಲಾದ ಏಳು ಮನೆಗಳವರು ಈಗ ಒಂದು ಪ್ರಯಾಣದ ತಯಾರಿಯಲ್ಲಿದ್ದೇವೆ. ತಮಿಳುನಾಡಿನ ಜವಾದಿ ಬೆಟ್ಟಗಳಲ್ಲಿರುವ ಕಾವಲೂರಿನ ವೇಣು ಬಾಪ್ಪು ಖಗೋಳ ವೀಕ್ಷಣಾಲಯವನ್ನು ನೋಡುವುದು ನಮ್ಮ ಉದ್ದೇಶ. ದರ್ಗಾ ಝಿಯಾರತ್‌ಗೆ, ಮದುವೆಗೆ, ಊಟಿ-ಮೈಸೂರಿಗೆ ವ್ಯಾನು ಮಾಡಿಕೊಂಡು ಹೋದವರು ನಾವು. ನಕ್ಷತ್ರ ನೋಡಲೆಂದು ಹೋಗುವುದು ಇದೇ ಮೊದಲು. ಒಂದು ವ್ಯಾನು, ಒಂದು ಶನಿವಾರ, ಹದಿನೆಂಟು ಜನ. ಇಷ್ಟು ಸಣ್ಣ ಸಂಗತಿಯನ್ನು ನಿರ್ಧರಿಸಲು ನಮಗೆ ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳಲ್ಲಿ ನಮ್ಮ ಬಗ್ಗೆ ನಾವೇ ತಿಳಿದುಕೊಂಡದ್ದನ್ನು ಓದುಗರ ಮುಂದಿಡಬೇಕೆನಿಸಿತು.

ಈ ಯೋಚನೆ ಬಂದದ್ದು ಒಂದು ಹುಡುಗಿಯ ಪ್ರಶ್ನೆಯಿಂದ. ಒಂಬತ್ತನೇ ತರಗತಿಯಲ್ಲಿ ಓದುವ ಮಗು. ಆಕೆಯ ಸೋದರತ್ತೆಯನ್ನು ಮಂಗಳೂರಿಗೆ ಕೊಟ್ಟಿದೆ. ಕರಾವಳಿಯಲ್ಲಿ ಎಷ್ಟೋ ಸಲ ಕೇರಳದ ಚಂದ್ರದರ್ಶನವನ್ನು ಅನುಸರಿಸಿ ಈದ್ ಮಾಡುತ್ತಾರೆ, ಬೆಂಗಳೂರಿನಲ್ಲಿ ಮರುದಿನ. ಅತ್ತೆ ಫೋನಿನಲ್ಲಿ ಈದ್ ಮುಬಾರಕ್ ಹೇಳುವಾಗ ಇಲ್ಲಿ ಇನ್ನೂ ಉಪವಾಸ. "ಚಂದ್ರ ಒಂದೇ ಅಲ್ವಾ ಅಬ್ಬಾ? ಅಲ್ಲಿ ಕಂಡದ್ದು ಇಲ್ಲಿ ಯಾಕೆ ಕಾಣಲಿಲ್ಲ?" ಎಂದು ಕೇಳಿದಳು. ತಂದೆ ಆಟೋ ಓಡಿಸುವವರು. ಉತ್ತರ ಹೇಳಲಾಗದೆ ಅವಳನ್ನು ನಮ್ಮ ಬೀದಿಯ ನಿವೃತ್ತ ವಿಜ್ಞಾನ ಮೇಷ್ಟ್ರ ಬಳಿ ಕಳುಹಿಸಿದರು. ಮೇಷ್ಟ್ರು ಒಂದು ಮೂಸಂಬಿ ಹಣ್ಣು, ಒಂದು ಟಾರ್ಚು ಹಿಡಿದು ಅರ್ಧ ಗಂಟೆ ವಿವರಿಸಿದರು. ಅಮಾವಾಸ್ಯೆಯ ಕ್ಷಣದ ನಂತರ ಚಂದ್ರ ಎಷ್ಟು ಗಂಟೆ ಹಳತಾಗಿದ್ದಾನೆ, ಸೂರ್ಯಾಸ್ತದ ವೇಳೆ ದಿಗಂತದಿಂದ ಎಷ್ಟು ಎತ್ತರದಲ್ಲಿದ್ದಾನೆ, ಗಾಳಿಯಲ್ಲಿ ಎಷ್ಟು ಧೂಳು-ಮೋಡಗಳಿವೆ ಎಂಬುದರ ಮೇಲೆ ಎಳೆ ಚಂದ್ರ ಕಾಣುವುದು ನಿಂತಿದೆ ಎಂದರು. ಕೊನೆಗೆ, "ಮಗೂ, ಇದೆಲ್ಲ ನನ್ನ ಬಾಯಲ್ಲಿ ಕೇಳಿದರೆ ಸಾಲದು. ಕಾವಲೂರಿಗೆ ಹೋಗಿ ನೋಡಬೇಕು" ಎಂದುಬಿಟ್ಟರು. ಅವಳು ಆ ಮಾತನ್ನು ಹಿಡಿದುಕೊಂಡಳು.

ಕಾವಲೂರಿನ ಬಗ್ಗೆ ಎರಡು ಮಾತು ಹೇಳಬೇಕು. ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಗೆ ಸೇರಿದ ವೀಕ್ಷಣಾಲಯ ಅದು. ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿ, ಕಾಡಿನ ನಡುವೆ ಇದೆ. 1968ರಲ್ಲಿ 38 ಸೆಂಟಿಮೀಟರಿನ ದೂರದರ್ಶಕದೊಂದಿಗೆ ಅಲ್ಲಿ ಕೆಲಸ ಆರಂಭವಾಯಿತು. 1972ರಲ್ಲಿ ಒಂದು ಮೀಟರಿನದು ಬಂತು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಒಂದು ನಕ್ಷತ್ರದ ಮುಂದೆ ಹಾದುಹೋದಾಗ ಅದರ ಸುತ್ತ ಉಂಗುರಗಳಿವೆಯೆಂಬುದು ಲೋಕಕ್ಕೆ ತಿಳಿಯಿತು. ಅಮೆರಿಕದ ತಂಡವೊಂದು ವಿಮಾನದಲ್ಲಿ ಹಾರುತ್ತಾ ಅದನ್ನು ಕಂಡಾಗ, ಕಾವಲೂರಿನ ಈ ದೂರದರ್ಶಕವೂ ಆ ನಕ್ಷತ್ರದ ಬೆಳಕು ಕುಂದಿದ್ದನ್ನು ದಾಖಲಿಸಿತ್ತು. ದೇಶದಲ್ಲೇ ವಿನ್ಯಾಸಗೊಳಿಸಿ ಕಟ್ಟಿದ 2.34 ಮೀಟರ್ ಕನ್ನಡಿಯ ದೊಡ್ಡ ದೂರದರ್ಶಕ 1986ರಲ್ಲಿ ಉದ್ಘಾಟನೆಯಾಯಿತು. ಕತ್ತಲಲ್ಲಿ ನಮ್ಮ ಕಣ್ಣಿನ ಪಾಪೆ ಏಳು ಮಿಲಿಮೀಟರಿನಷ್ಟು ಅರಳುತ್ತದೆ ಎಂದಿಟ್ಟುಕೊಂಡರೆ, ಈ ಕನ್ನಡಿ ಅದಕ್ಕಿಂತ ಲಕ್ಷ ಪಟ್ಟಿಗೂ ಹೆಚ್ಚು ಬೆಳಕನ್ನು ಹಿಡಿಯುತ್ತದೆ.

ಇದನ್ನೆಲ್ಲ ಕನಸು ಕಂಡು ಕಟ್ಟಿದ ವೇಣು ಬಾಪ್ಪು ದೊಡ್ಡ ದೂರದರ್ಶಕವನ್ನು ನೋಡಲು ಉಳಿಯಲಿಲ್ಲ, 1982ರಲ್ಲೇ ತೀರಿಕೊಂಡರು. ಅವರ ಬಾಲ್ಯ ಕಳೆದದ್ದು ಹೈದರಾಬಾದಿನಲ್ಲಿ. ತಂದೆ ಅಲ್ಲಿನ ನಿಝಾಮಿಯಾ ವೀಕ್ಷಣಾಲಯದಲ್ಲಿ ಕೆಲಸಕ್ಕಿದ್ದರು. ಆ ವೀಕ್ಷಣಾಲಯದ ಕಥೆ ನಮ್ಮ ಸಭೆಗಳಲ್ಲಿ ಹೇಳಬೇಕಾದದ್ದು. ನವಾಬ್ ಝಫರ್ ಜಂಗ್ ಎಂಬವರು 1901ರಲ್ಲಿ ಸ್ವಂತ ಖರ್ಚಿನಲ್ಲಿ ಅದನ್ನು ಆರಂಭಿಸಿದರು. ತಮ್ಮ ಬಳಿಕ ಅದು ನಿಝಾಮ್ ಸರಕಾರಕ್ಕೆ ಸೇರಲೆಂದು ಬಯಸಿದ್ದರು. 1908ರಲ್ಲಿ ಸರಕಾರ ವಹಿಸಿಕೊಂಡಿತು. ಇಡೀ ಆಕಾಶದ ಛಾಯಾಚಿತ್ರ ತೆಗೆದು ನಕ್ಷತ್ರಗಳ ಸ್ಥಾನ ಗುರುತಿಸುವ ಅಂತಾರಾಷ್ಟ್ರೀಯ ಯೋಜನೆಯಲ್ಲಿ ಪಾಲು ಪಡೆದು, ಏಳು ಲಕ್ಷಕ್ಕೂ ಹೆಚ್ಚು ನಕ್ಷತ್ರಗಳ ಸ್ಥಾನವನ್ನು ಅಲ್ಲಿ ದಾಖಲಿಸಿದರು. ಅಂಥ ಅಂಗಳದಲ್ಲಿ ಆಡಿ ಬೆಳೆದ ಮಲಯಾಳಿ ಹುಡುಗ ಹೈದರಾಬಾದ್ ಸರಕಾರದ ವಿದ್ಯಾರ್ಥಿವೇತನದಿಂದ ಹಾರ್ವರ್ಡಿಗೆ ಹೋದ, 1949ರಲ್ಲಿ ಇನ್ನಿಬ್ಬರೊಂದಿಗೆ ಒಂದು ಧೂಮಕೇತುವಿಗೆ ತನ್ನ ಹೆಸರು ಕೊಟ್ಟ, ಹಿಂದಿರುಗಿ ಬಂದು ಕಾವಲೂರನ್ನು ಕಟ್ಟಿದ. ಒಬ್ಬ ನವಾಬನ ಹುಚ್ಚು ಎಲ್ಲಿಂದ ಎಲ್ಲಿಗೆ ಹೋಗಿ ಮುಟ್ಟಿತು ನೋಡಿ.

ಪ್ರಯಾಣದ ಮಾತು ಎತ್ತಿದೊಡನೆ ಮೊದಲ ಪ್ರಶ್ನೆ ಬಂದದ್ದು ಯಾವ ಶನಿವಾರ ಎಂಬುದು. ಸಾರ್ವಜನಿಕರಿಗೆ ಅಲ್ಲಿ ಶನಿವಾರಗಳಂದು ಪ್ರವೇಶ. ಮಧ್ಯಾಹ್ನ ದೂರದರ್ಶಕಗಳನ್ನು ತೋರಿಸುತ್ತಾರೆ. ಆಕಾಶ ತಿಳಿಯಾಗಿರುವ ತಿಂಗಳುಗಳಲ್ಲಿ ಸಂಜೆಯ ನಂತರ ಚಿಕ್ಕ ದೂರದರ್ಶಕದಲ್ಲಿ ಆಕಾಶ ತೋರಿಸುವ ವ್ಯವಸ್ಥೆಯಿದೆ. ವೇಳೆ, ನಿಯಮಗಳು ಬದಲಾಗುವುದುಂಟು. ಗುಂಪಾಗಿ ಹೋಗುವವರು ಮೊದಲೇ ಸಂಸ್ಥೆಯನ್ನು ಕೇಳಿಕೊಂಡೇ ಹೊರಡಬೇಕು. ನಾವೂ ಪತ್ರ ಬರೆದಿದ್ದೇವೆ. ಜೂನಿನಿಂದ ಡಿಸೆಂಬರಿನ ತನಕ ಎರಡು ಮಳೆಗಾಲಗಳ ಮೋಡ. ಜನವರಿಯಿಂದ ಮೇ ತನಕ ಒಳ್ಳೆಯ ಕಾಲ. ಮಕ್ಕಳ ಪರೀಕ್ಷೆ ಮುಗಿಯಬೇಕು. ಹಾಗಾಗಿ ಏಪ್ರಿಲ್.

ಏಪ್ರಿಲ್‌ನಲ್ಲಿ ಯಾವ ವಾರ? ಮೇಷ್ಟ್ರು ಇಲ್ಲಿ ನಮ್ಮನ್ನೇ ಪರೀಕ್ಷೆಗೆ ಕೂರಿಸಿದರು. "ಚಂದ್ರ ಇಲ್ಲದ ರಾತ್ರಿ ನಕ್ಷತ್ರ ಚೆನ್ನಾಗಿ ಕಾಣುತ್ತೆ. ಹುಣ್ಣಿಮೆಯಲ್ಲಿ ಏನೂ ಕಾಣಲ್ಲ. ಮಕ್ಕಳಿಗೆ ದೂರದರ್ಶಕದಲ್ಲಿ ಎಲ್ಲಕ್ಕಿಂತ ಇಷ್ಟವಾಗೋದು ಅರ್ಧಚಂದ್ರ. ಅರ್ಧಚಂದ್ರ ಯಾವತ್ತು ಅಂತ ನೀವೇ ಹೇಳಬೇಕು, ಕ್ಯಾಲೆಂಡರು ನಿಮ್ಮ ಮನೆಯಲ್ಲೇ ಇದೆ!" ಎಂದರು. ಹೌದಲ್ಲ! ಹಿಜರಿ ತಿಂಗಳ ಏಳು-ಎಂಟನೆಯ ರಾತ್ರಿಯೆಂದರೆ ಅರ್ಧಚಂದ್ರ. ಗೋಡೆಯ ಮೇಲೆ ತೂಗುವ ಮದ್ರಸದ ಕ್ಯಾಲೆಂಡರು ಒಂದು ಖಗೋಳದ ಪುಸ್ತಕ ಎಂಬುದು ನಮಗೆ ಹೊಳೆದೇ ಇರಲಿಲ್ಲ. ಶನಿವಾರವೂ ಏಳನೇ ರಾತ್ರಿಯೂ ಕೂಡಿ ಬರದಿದ್ದರೆ ಹತ್ತನೇ ರಾತ್ರಿಯ ತನಕ ಅಡ್ಡಿಯಿಲ್ಲ ಎಂದು ತೀರ್ಮಾನವಾಯಿತು.

ಅರ್ಧಚಂದ್ರನೇ ಯಾಕೆ ಎಂಬುದಕ್ಕೆ ಕಾರಣವಿದೆ. ಬೆಳಕು-ನೆರಳಿನ ಗೆರೆ ಆಗ ಚಂದ್ರನ ನಡುವೆ ಹಾದುಹೋಗುತ್ತದೆ. ಆ ಗೆರೆಯ ಅಂಚಿನಲ್ಲಿ ಕುಳಿಗಳ ನೆರಳು ಉದ್ದಕ್ಕೆ ಬಿದ್ದು, ಆಳ-ಎತ್ತರಗಳು ಎದ್ದು ಕಾಣುತ್ತವೆ. ಅಲ್ಲಿ ಸುಮಾರು 130 ಕಿಲೋಮೀಟರ್ ಅಗಲದ ಒಂದು ಕುಳಿಗೆ ಅಲ್‌ಬಟೆಗ್ನಿಯಸ್ ಎಂದು ಹೆಸರು. ಲ್ಯಾಟಿನ್ ವೇಷ ಕಳಚಿದರೆ ಅವರು ಅಲ್ ಬತ್ತಾನಿ. ಇಂದಿನ ಸಿರಿಯಾದ ರಖ್ಖಾದಲ್ಲಿ ಕುಳಿತು ಒಂಬತ್ತು-ಹತ್ತನೆಯ ಶತಮಾನದಲ್ಲಿ ವರ್ಷದ ಉದ್ದವನ್ನು ಲೆಕ್ಕ ಹಾಕಿದವರು. ದೂರದರ್ಶಕವೇ ಇಲ್ಲದ ಕಾಲದಲ್ಲಿ ಹಾಕಿದ ಆ ಲೆಕ್ಕಕ್ಕೂ ಇಂದಿನ ಲೆಕ್ಕಕ್ಕೂ ಸುಮಾರು ಎರಡು ನಿಮಿಷಗಳ ವ್ಯತ್ಯಾಸವಷ್ಟೆ. ಸ್ವಲ್ಪ ದಕ್ಷಿಣಕ್ಕೆ ಅರ್ಝಾಚೆಲ್ ಎಂಬ ಕುಳಿ. ಅದು ಸ್ಪೇನಿನ ತುಲೈತುಲಾದ ಅಲ್ ಝರ್ಖಾಲಿಯ ಹೆಸರು. ಮಕ್ಕಳಿಗೆ ಇವನ್ನು ತೋರಿಸಬೇಕೆಂದು ಪಟ್ಟಿಯಲ್ಲಿ ಬರೆದುಕೊಂಡಿದ್ದೇವೆ. ಆದರೆ ಜೊತೆಗೆ ಇನ್ನೊಂದು ಮಾತನ್ನೂ ಹೇಳಿಕೊಡಬೇಕು. ಸಾವಿರ ವರ್ಷದ ಹಿಂದಿನ ಹೆಸರುಗಳನ್ನು ಹೇಳಿ ಎದೆ ತಟ್ಟಿಕೊಳ್ಳುವುದು ಸುಲಭ. ಅವರು ಮಾಡಿದಂತೆ ರಾತ್ರಿಯೆಲ್ಲ ಎಚ್ಚರವಿದ್ದು ಅಳೆಯುವುದು ಕಷ್ಟ.

ನಂತರ ಬಂದದ್ದು ಆಕ್ಷೇಪಗಳು. ಮಸೀದಿಯ ಅಂಗಳದಲ್ಲಿ ಒಬ್ಬ ಹಿರಿಯರು, "ನಕ್ಷತ್ರ ನೋಡೋದು ನುಜೂಮ್ ಅಲ್ಲವೇ? ಅದು ಹರಾಮ್" ಎಂದರು. ಇಮಾಮರು ಪಕ್ಕದಲ್ಲೇ ಇದ್ದರು. ಅವರು ಮೆಲ್ಲಗೆ ಒಂದು ಘಟನೆ ನೆನಪಿಸಿದರು. ಪ್ರವಾದಿ(ಸ)ರವರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಆ ಸಾವಿಗಾಗಿಯೇ ಗ್ರಹಣ ಹಿಡಿಯಿತೆಂದು ಜನ ಮಾತಾಡಿಕೊಂಡರು. ಮಗನನ್ನು ಕಳೆದುಕೊಂಡ ದುಃಖದಲ್ಲೂ ಪ್ರವಾದಿಯವರು ಆ ಮಾತನ್ನು ತಿದ್ದಿದರು. ಸೂರ್ಯ-ಚಂದ್ರರಿಗೆ ಯಾರ ಸಾವಿಗಾಗಿಯೂ ಬದುಕಿಗಾಗಿಯೂ ಗ್ರಹಣ ಹಿಡಿಯುವುದಿಲ್ಲ, ಅವು ಅಲ್ಲಾಹನ ನಿದರ್ಶನಗಳು ಎಂದರು. "ನಕ್ಷತ್ರ ನೋಡಿ ಭವಿಷ್ಯ ಹೇಳೋದು ಬೇರೆ, ನಕ್ಷತ್ರವನ್ನೇ ತಿಳಿಯೋದು ಬೇರೆ. ನಾನೂ ಬರ್ತೀನಿ. ಮಗ್ರಿಬ್, ಇಶಾ ಎರಡೂ ಅಲ್ಲೇ ಮಾಡೋಣ" ಎಂದರು ಹಝ್ರತ್. ಅಲ್ಲಿಗೆ ಆ ಆಕ್ಷೇಪ ಮುಗಿಯಿತು.

ಎಲ್ಲ ಕಾಲದಲ್ಲೂ ಹಾಗೆ ಮುಗಿದಿಲ್ಲ ಎಂಬುದನ್ನೂ ಮರೆಯಬಾರದು. ಸಮರ್ಖಂದದಲ್ಲಿ ಉಲುಗ್ ಬೇಗ್ ಕಟ್ಟಿಸಿದ ಭಾರೀ ವೀಕ್ಷಣಾಲಯದಲ್ಲಿ 1437ರ ಹೊತ್ತಿಗೆ ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಪಟ್ಟಿ ಸಿದ್ಧವಾಗಿತ್ತು. 1449ರಲ್ಲಿ ಅವನ ಕೊಲೆಯಾಯಿತು. ಕಟ್ಟಡ ಪಾಳುಬಿದ್ದು ಮಣ್ಣಿನಡಿ ಹೋಯಿತು. ಅದರ ಅವಶೇಷ ಸಿಕ್ಕಿದ್ದು 1908ರಲ್ಲಿ. ಇಸ್ತಾಂಬುಲಿನಲ್ಲಿ ತಖಿಯುದ್ದೀನ್ 1577ರಲ್ಲಿ ಕಟ್ಟಿಸಿದ ವೀಕ್ಷಣಾಲಯವನ್ನು ಮೂರೇ ವರ್ಷಗಳಲ್ಲಿ, 1580ರಲ್ಲಿ, ಸುಲ್ತಾನನ ಆಜ್ಞೆಯಿಂದಲೇ ಕೆಡವಲಾಯಿತು. ಕಟ್ಟಿದವರೂ ನಮ್ಮವರೇ, ಕೆಡವಿದವರೂ ನಮ್ಮವರೇ.

ಎರಡನೆಯ ಆಕ್ಷೇಪ ಹಣದ್ದು. "ಆ ದುಡ್ಡಲ್ಲಿ ಎರಡು ತಿಂಗಳ ಟ್ಯೂಷನ್ ಆಗ್ತಿತ್ತು" ಎಂದರು ಒಬ್ಬ ತಾಯಿ. ಅವರು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ವ್ಯಾನಿನ ಬಾಡಿಗೆಯನ್ನು ಉಳ್ಳವರು ಹೆಚ್ಚು, ಇಲ್ಲದವರು ಕಡಿಮೆ ಎಂದು ಹಂಚಿಕೊಂಡೆವು. ಊಟ ಮನೆಗಳಿಂದ. ಅದು ಬಗೆಹರಿಯಿತು.

ಬಗೆಹರಿಯದೆ ಉಳಿದದ್ದು ಮೂರನೆಯದು. ಪ್ರಶ್ನೆ ಕೇಳಿದ ಆ ಹುಡುಗಿಯ ತಂದೆಯೇ ಬೇಡ ಎಂದರು. ಹೆಣ್ಣುಮಗು ರಾತ್ರಿ ಹೊರಗೆ ಎಂಬ ಕಾರಣಕ್ಕಿರಬೇಕೆಂದು ನಾವೆಣಿಸಿದೆವು. ಅವಳ ದಾದಿಮಾ ತಾವೂ ಬರುವುದಾಗಿ ಹೇಳಿದರು. ಆದರೂ ಅವರು ಒಪ್ಪಲಿಲ್ಲ. ಕೊನೆಗೆ ಒಂದು ರಾತ್ರಿ, ಇಶಾದ ನಂತರ ಮಸೀದಿಯ ಮೆಟ್ಟಿಲ ಮೇಲೆ ಕೂತು ಬಾಯಿಬಿಟ್ಟರು.

"ಮಧ್ಯರಾತ್ರಿ ಹನ್ನೆರಡು ಗಂಟೆಗೆ ರಾಜ್ಯದ ಗಡಿಯಲ್ಲಿ ನಮ್ಮ ವ್ಯಾನು ನಿಲ್ಲಿಸ್ತಾರೆ. ಒಳಗೆ ಗಡ್ಡ, ಟೋಪಿ, ಬುರ್ಖಾ. ಎಲ್ಲಿಂದ ಬರ್ತಾ ಇದ್ದೀರಿ ಅಂತ ಕೇಳ್ತಾರೆ. ಏನು ಹೇಳ್ತೀರಿ? ನಕ್ಷತ್ರ ನೋಡಿ ಬರ್ತಾ ಇದ್ದೀವಿ ಅಂತೀರಾ? ಯಾರು ನಂಬ್ತಾರೆ ಭಾಯಿ?"

ನಾವು ಯಾರೂ ನಗಲಿಲ್ಲ. ಕೆಲವು ವರ್ಷಗಳ ಹಿಂದೆ ಮದುವೆ ಮುಗಿಸಿ ಬರುವಾಗ ಒಂದು ನಾಕಾದಲ್ಲಿ ಅವರ ಕುಟುಂಬವನ್ನು ಎರಡು ಗಂಟೆ ನಿಲ್ಲಿಸಿದ್ದರಂತೆ. ಬ್ಯಾಗುಗಳನ್ನೆಲ್ಲ ರಸ್ತೆಗೆ ಸುರಿಸಿದ್ದರಂತೆ. ಏನೂ ಸಿಗಲಿಲ್ಲ, ಬಿಟ್ಟರು. ಆದರೆ ಮಗಳು ಆಗ ಆರು ವರ್ಷದವಳು, ಎಲ್ಲವನ್ನೂ ನೋಡುತ್ತಾ ನಿಂತಿದ್ದಳು. ಅವಳ ಕಣ್ಣೆದುರು ಇನ್ನೊಮ್ಮೆ ಹಾಗಾಗುವುದು ಬೇಡ ಎಂಬುದಷ್ಟೇ ಅವರ ಹಟ.

ಈ ದೇಶದಲ್ಲಿ ಒಬ್ಬ ತಂದೆ ತನ್ನ ಮಗಳಿಗೆ ಚಂದ್ರನನ್ನು ತೋರಿಸುವ ಮುನ್ನ ಇಷ್ಟನ್ನೆಲ್ಲ ಲೆಕ್ಕ ಹಾಕಬೇಕಾಗಿದೆ. ಮುಸ್ಲಿಮರು ಮಕ್ಕಳನ್ನು ವಿಜ್ಞಾನದ ಕಡೆ ಕಳುಹಿಸುವುದಿಲ್ಲ ಎಂದು ಲೇಖನ ಬರೆಯುವವರು ಬಹಳ. ಕಾರಣವನ್ನು ಮದ್ರಸದಲ್ಲಿ ಹುಡುಕುತ್ತಾರೆ, ಬುರ್ಖಾದಲ್ಲಿ ಹುಡುಕುತ್ತಾರೆ. ಮಧ್ಯರಾತ್ರಿಯ ನಾಕಾದಲ್ಲಿ ಹುಡುಕಿದವರನ್ನು ನಾವು ಕಂಡಿಲ್ಲ. ಹಾಗೆಂದು ಎಲ್ಲವನ್ನೂ ಆ ನಾಕಾದ ಮೇಲೆ ಹೊರಿಸಿ ಮನೆಯಲ್ಲಿ ಕೂರುವುದೂ ಸರಿಯಲ್ಲ. ಭಯ ನಿಜವಾದದ್ದೇ. ಅದನ್ನು ಮಗಳ ಹೆಗಲಿಗೆ ದಾಟಿಸಬೇಕೇ ಎಂಬುದು ಪ್ರಶ್ನೆ.

ಮೇಷ್ಟ್ರಿಗೆ ಈ ವಿಷಯ ತಿಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ ಅವರ ಮನೆಗೇ ಹೋಗಿ, "ನಾನೂ ನನ್ನ ಹೆಂಡತಿಯೂ ಮುಂದಿನ ಸೀಟಿನಲ್ಲಿ ಕೂರ್ತೀವಿ" ಎಂದರು. ಆಟೋದವರು, "ಬೇಡಿ ಮೇಷ್ಟ್ರೇ. ನೀವಿದ್ದೀರಿ ಅಂತ ನಮ್ಮನ್ನ ಬಿಟ್ಟರೆ ಅದೂ ನನಗೆ ಸರಿ ಅನ್ಸಲ್ಲ" ಎಂದರು. ಮೇಷ್ಟ್ರು ತಲೆತಗ್ಗಿಸಿ ಒಪ್ಪಿಕೊಂಡರು. ಮುಂದಿನ ಸೀಟಿನ ಮಾತು ಅಲ್ಲಿಗೇ ನಿಂತಿತು. ಆದರೆ ದಂಪತಿ ಬರುವುದು ನಿಲ್ಲಲಿಲ್ಲ. ಬರುತ್ತಿರುವುದು ಆಕಾಶ ನೋಡಲು, ಅಷ್ಟೆ.

ದಾರಿಯನ್ನು ಬದಲಿಸಿದೆವು. ಬೆಂಗಳೂರಿನಿಂದ ಕಾವಲೂರು ಸುಮಾರು 175ರಿಂದ 200 ಕಿಲೋಮೀಟರ್. ಹೊಸೂರು, ಕೃಷ್ಣಗಿರಿ ದಾಟಿ ತಿರುಪತ್ತೂರಿನ ಮೇಲೆಯೂ ಹೋಗಬಹುದು, ವಾಣಿಯಂಬಾಡಿಯ ಮೇಲೆಯೂ ಹೋಗಬಹುದು. ರೈಲಿನಲ್ಲಾದರೆ ಜೋಲಾರ್‌ಪೇಟೆಯಲ್ಲಿ ಇಳಿಯಬೇಕು. ರಾತ್ರಿಯೇ ಹಿಂದಿರುಗುವ ಯೋಚನೆಯನ್ನು ಕೈಬಿಟ್ಟೆವು. ವಾಣಿಯಂಬಾಡಿ ಚರ್ಮದ ವ್ಯಾಪಾರದ ಊರು, ಹಳೆಯ ಮುಸ್ಲಿಮ್ ಊರು. 1919ರಲ್ಲೇ ಇಸ್ಲಾಮಿಯಾ ಕಾಲೇಜು ಕಟ್ಟಿದ ಜನ ಅವರು. ನಮ್ಮಲ್ಲಿ ಇಬ್ಬರಿಗೆ ಅಲ್ಲಿ ನೆಂಟರಿದ್ದಾರೆ. ಬೆಟ್ಟದಿಂದಿಳಿದು ರಾತ್ರಿ ಅಲ್ಲಿ ತಂಗುವುದು, ಭಾನುವಾರ ಬೆಳಿಗ್ಗೆ ಫಜ್ರ್ ಮಾಡಿ, ಮಕ್ಕಳ ಹಟದಂತೆ ಪಕ್ಕದ ಆಂಬೂರಿನ ಬಿರಿಯಾನಿ ತಿಂದು ಹಗಲಲ್ಲೇ ಹೊರಡುವುದು. ಇದರಲ್ಲಿ ರಾಜಿ ಇದೆ ಎಂದು ನಮಗೆ ಗೊತ್ತು. ಆದರೆ ಹುಡುಗಿ ಬರುತ್ತಾಳೆ. ತಂದೆ ಮೂರು ದಿನ ಯೋಚಿಸಿ, "ಹೋಗ್ಲಿ. ನಾನೂ ಬರ್ತೀನಿ" ಎಂದರು. ಶನಿವಾರದ ದುಡಿಮೆ ಬಿಟ್ಟು ಬರುತ್ತಿದ್ದಾರೆ.

ಈಗ ಉಳಿದಿರುವುದು ತಯಾರಿ. ಮಕ್ಕಳಿಗೆ ಮೊದಲೇ ಹೇಳಿದ್ದೇವೆ: ದೊಡ್ಡ ದೂರದರ್ಶಕಕ್ಕೆ ಕಣ್ಣಿಟ್ಟು ನೋಡಲು ಯಾರನ್ನೂ ಬಿಡುವುದಿಲ್ಲ, ವಿಜ್ಞಾನಿಗಳೇ ಹಾಗೆ ನೋಡುವುದಿಲ್ಲ, ಬೆಳಕು ಯಂತ್ರಗಳ ಮೇಲೆ ಬಿದ್ದು ಕಂಪ್ಯೂಟರಿಗೆ ಹೋಗುತ್ತದೆ. ಚಿಕ್ಕದರಲ್ಲಿ ಕಾಣುವುದು ಪುಸ್ತಕದ ಬಣ್ಣದ ಚಿತ್ರದಂತೆ ಇರುವುದಿಲ್ಲ. ಮೋಡ ಕವಿದರೆ ಅದೂ ಇಲ್ಲ. ಟಾರ್ಚಿಗೆ ಕೆಂಪು ಕಾಗದ ಸುತ್ತಬೇಕು. ಫೋನು ಬೆಳಗಬಾರದು, ಏಕೆಂದರೆ ಕಣ್ಣು ಕತ್ತಲಿಗೆ ಒಗ್ಗಲು ಇಪ್ಪತ್ತು-ಮೂವತ್ತು ನಿಮಿಷ ಬೇಕು, ಕೆಡಲು ಒಂದು ಕ್ಷಣ ಸಾಕು. ಬೆಟ್ಟದಲ್ಲಿ ರಾತ್ರಿ ತಂಪು, ದಾದಿಮಾಗೆ ಶಾಲು. ಕಾವಲೂರು ಸಣ್ಣ ಹಳ್ಳಿ; ನೀರು, ಊಟ ಜೊತೆಯಲ್ಲೇ ಇರಬೇಕು.

ನಮಾಝಿನ ಲೆಕ್ಕ ಹಾಕುವಾಗ ಮೇಷ್ಟ್ರು ಮತ್ತು ಹಝ್ರತ್ ಒಂದು ಕಾಗದದ ಮೇಲೆ ಬಾಗಿ ಕೂತಿದ್ದರು. ಕಾವಲೂರಿನಿಂದ ಕಿಬ್ಲಾ ನೇರ ಪಶ್ಚಿಮವಲ್ಲ, ಪಶ್ಚಿಮದಿಂದ ಉತ್ತರಕ್ಕೆ ಸುಮಾರು 19 ಡಿಗ್ರಿ ಎಂದು ಮೇಷ್ಟ್ರು ತ್ರಿಕೋನಮಿತಿಯಿಂದ ತೆಗೆದರು. ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗಿಳಿದಾಗ ಆಕಾಶದಲ್ಲಿ ಸಂಜೆಬೆಳಕಿನ ಕೊನೆಯ ಸುಳಿವೂ ಅಳಿಯುತ್ತದೆ. ಖಗೋಳ ವಿಜ್ಞಾನಿಗಳಿಗೆ ಪೂರ್ತಿ ಕತ್ತಲೆಯೆಂದರೆ ಅದು. ನಮ್ಮ ಹಲವು ಸಮಯಪಟ್ಟಿಗಳಲ್ಲಿ ಇಶಾದ ವೇಳೆ ಶುರುವಾಗುವುದೂ ಅದೇ 18 ಡಿಗ್ರಿಗೆ. ನಮ್ಮ ಕಡೆ ಸೂರ್ಯಾಸ್ತವಾಗಿ ಸುಮಾರು ಒಂದೂಕಾಲು ಗಂಟೆಗೆ. "ಹಾಗಾದರೆ ನೀವು ಅಝಾನ್ ಕೊಟ್ಟರೆ ಸಾಕು, ಅವರು ಕೆಲಸ ಶುರು ಮಾಡಬಹುದು" ಎಂದು ಮೇಷ್ಟ್ರು ನಕ್ಕರು. ಹಿಂದೆ ಹಾಗೇ ಇತ್ತು ಎಂದರು ಹಝ್ರತ್. ಹದಿನಾಲ್ಕನೆಯ ಶತಮಾನದಲ್ಲಿ ದಮಾಸ್ಕಸ್‌ನ ಉಮವಿ ಮಸೀದಿಯಲ್ಲಿ ನಮಾಝಿನ ವೇಳೆ ಗೊತ್ತುಮಾಡುತ್ತಿದ್ದ ಇಬ್ನ್ ಶಾತಿರ್, ಆ ಕಾಲದ ದೊಡ್ಡ ಖಗೋಳಜ್ಞರೂ ಆಗಿದ್ದರು.

ಏಪ್ರಿಲ್ ರಾತ್ರಿಯ ಆಕಾಶದಲ್ಲಿ ಉತ್ತರಕ್ಕೆ ಸಪ್ತರ್ಷಿ ಮಂಡಲ ಎತ್ತರದಲ್ಲಿರುತ್ತದೆ. ಅದರ ಬಾಲದ ನಡುವಿನ ನಕ್ಷತ್ರಕ್ಕೆ ಅಂಟಿಕೊಂಡಂತೆ ಒಂದು ಮಂಕು ನಕ್ಷತ್ರ. ಮೇಷ್ಟ್ರ ಮನೆಯಲ್ಲಿ ಅವು ವಸಿಷ್ಠ-ಅರುಂಧತಿ. ಮದುವೆಯ ದಿನ ವಧೂವರರಿಗೆ ತೋರಿಸುತ್ತಾರೆ. ಅರಬರು ಆ ಮಂಕು ನಕ್ಷತ್ರವನ್ನು ಸುಹಾ ಎಂದರು. ಅದನ್ನು ಕಂಡವನ ದೃಷ್ಟಿ ಚೆನ್ನಾಗಿದೆಯೆಂದು ಲೆಕ್ಕ. ಪಶ್ಚಿಮದಲ್ಲಿ ಇಳಿಯುತ್ತಿರುವ ಕೃತ್ತಿಕೆಯ ಗೊಂಚಲು ಅರಬಿಯಲ್ಲಿ ಸುರೈಯಾ. ನಮ್ಮ ವ್ಯಾನಿನಲ್ಲೇ ಆ ಹೆಸರಿನ ಒಬ್ಬಳಿದ್ದಾಳೆ. ತನ್ನ ಹೆಸರನ್ನು ಆಕಾಶದಲ್ಲಿ ನೋಡಬಹುದೆಂದು ತಿಳಿದಾಗಿನಿಂದ ಅವಳ ಕಾಲು ನೆಲದ ಮೇಲಿಲ್ಲ. ದಕ್ಷಿಣಕ್ಕೆ, ದಿಗಂತದ ಹತ್ತಿರ ತ್ರಿಶಂಕು ನಕ್ಷತ್ರಗಳು. ಉತ್ತರದ ದೇಶಗಳವರಿಗೆ ಕಾಣದ ಆ ಆಕಾಶವೂ ಕಾಣಲಿ ಎಂಬುದು ಕಾವಲೂರಿನಂಥ ದಕ್ಷಿಣದ ಜಾಗವನ್ನು ಆರಿಸಿದ್ದಕ್ಕೆ ಒಂದು ಕಾರಣ.

ಕಾವಲೂರಿನಲ್ಲಿ ಒಂದು ರಾತ್ರಿ ಕಳೆದರೆ ನಮ್ಮ ಮಕ್ಕಳು ವಿಜ್ಞಾನಿಗಳಾಗಿಬಿಡುತ್ತಾರೆಂಬ ಭ್ರಮೆ ನಮಗಿಲ್ಲ. ಎರಡು ಈದ್‌ಗಳ ಜಗಳವೂ ಮುಗಿಯುವುದಿಲ್ಲ. ಅದರಲ್ಲಿ ಖಗೋಳ ಅರ್ಧ, ಫಿಕ್ಹ್ ಅರ್ಧ. ಆದರೆ ಮುಂದಿನ ರಮಝಾನಿನ ಇಪ್ಪತ್ತೊಂಬತ್ತರ ಸಂಜೆ ತಾರಸಿ ಹತ್ತುವ ಮಕ್ಕಳಿಗೆ ಯಾವ ದಿಕ್ಕಿಗೆ, ಎಷ್ಟು ಎತ್ತರಕ್ಕೆ, ಯಾಕೆ ನೋಡಬೇಕೆಂಬುದು ಗೊತ್ತಿರುತ್ತದೆ. ಅಷ್ಟು ಸಾಕು.

ದಾರಿಯಲ್ಲಿ ಯಾರಾದರೂ ವ್ಯಾನು ನಿಲ್ಲಿಸಿ ಕೇಳಿದರೆ ಉತ್ತರ ಕೊಡುವುದು ಯಾರೆಂದೂ ತೀರ್ಮಾನವಾಗಿದೆ. ಆ ಹುಡುಗಿಯೇ ಕೊಡುತ್ತಾಳಂತೆ. ಅವಳ ತಂದೆ ಈ ಮಾತಿಗೆ ಏನೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ನಿಮ್ಮ ಮೊಹಲ್ಲಾದಲ್ಲೂ ಅಂಥ ಪ್ರಶ್ನೆ ಕೇಳುವ ಮಕ್ಕಳಿದ್ದಾರೆ. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಏಳನೇ ರಾತ್ರಿ ಯಾವತ್ತೆಂದು ನೋಡಿಕೊಳ್ಳಿ.